ಬುಧವಾರದ ಸೋಲ್: ಮೈಸೂರಿನ ಆರ್ಕೆಸ್ಟ್ರಾ ಲೆಕ್ಕ ಮೆಲ್ಬರ್ನ್‌ನಲ್ಲಿ ಕೂಡಿಬಂದ ಬಗೆ

“ಒಂಬತ್ತು ವಾದ್ಯ, ಮೂವರು ಗಾಯಕರು, ಅದೂ ಬುಧವಾರ. ಹನ್ನೆರಡು ಜನರಿಗೆ ಹಣ ಎಲ್ಲಿಂದ ತರುತ್ತೀರಿ?” 2022ರಲ್ಲಿ ಮೆಲ್ಬರ್ನ್‌ನ ಉತ್ತರ ಭಾಗದ ಒಂದು ಪಬ್ಬಿನಲ್ಲಿ ಕಾರ್ಯಕ್ರಮ ಗೊತ್ತುಮಾಡುವವರು ನನ್ನ ಸೋಲ್ ತಂಡದ ಬಗ್ಗೆ ಕೇಳಿದ ಪ್ರಶ್ನೆ ಇದು. ಸೋಲ್ ಎಂದರೆ ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಾರಿಕೆಯಿಂದ ಬೆಳೆದ ಸಂಗೀತ. ನಾಲ್ಕು ಜನರಿಗೆ ಇಳಿಸಿ, ಉಳಿದದ್ದನ್ನು ಲ್ಯಾಪ್‌ಟಾಪ್‌ನಿಂದ ನುಡಿಸಿ ಎಂಬ ಸಲಹೆಯನ್ನೂ ಕೊಟ್ಟರು. ನನ್ನ ಹಳೆಯ ಡ್ರಮ್ಮರ್ ಕೂಡ ಅದನ್ನೇ ಹೇಳಿದ. ತಿಂಗಳಿಗೊಂದರಂತೆ ಈಗ ಇಪ್ಪತ್ತೇಳು ಬುಧವಾರಗಳು ಮುಗಿದಿವೆ. ಕೊನೆಯ ಇಪ್ಪತ್ತರಲ್ಲಿ ನನ್ನ ಜೇಬಿನಿಂದ ಒಂದು ಡಾಲರ್ ಕೂಡ ಹೋಗಿಲ್ಲ. ಹೇಗೆ ಎಂದು ಊರಿನ ಆರ್ಕೆಸ್ಟ್ರಾ ಗೆಳೆಯರು ಬಹಳ ದಿನದಿಂದ ಕೇಳುತ್ತಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಶ್ರುತಿ ತಾಳದ ಪಾಠ ಅವರಿಗೆ ಬೇಕಿಲ್ಲ.

ನಾನು ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ಏಳೆಂಟು ವರ್ಷ ಬೇಸ್ ಗಿಟಾರ್ ನುಡಿಸಿದವನು. 2009ರಲ್ಲಿ ಕೆಲಸದ ಮೇಲೆ ಇಲ್ಲಿಗೆ ಬಂದೆ. ಮರುವರ್ಷ ಫೆಬ್ರವರಿಯಲ್ಲಿ ಸಾವಿರಾರು ಜನ ಇಲ್ಲಿನ ಬೀದಿಗಿಳಿದರು. ಮದ್ಯದ ಪರವಾನಗಿಯ ಕಟ್ಟುಪಾಡಿನಿಂದಾಗಿ ಸಂಗೀತ ನಡೆಯುವ ಪಬ್ಬುಗಳು ಕಾವಲುಗಾರರನ್ನು ಇಟ್ಟುಕೊಳ್ಳಬೇಕಾಗಿ ಬಂದು, ಕಾಲಿಂಗ್‌ವುಡ್‌ನ ಟೋಟ್ ಹೋಟೆಲ್ ಎಂಬ ಪಬ್ಬು ಬಾಗಿಲು ಹಾಕಿತ್ತು. ಅದಕ್ಕಾಗಿ ಆ ಮೆರವಣಿಗೆ. ಒಂದು ಪಬ್ಬಿಗಾಗಿ ಊರಿಗೆ ಊರೇ ನಡೆಯುವುದನ್ನು ಕಂಡ ದಿನವೇ, ಇಲ್ಲಿ ನನಗೂ ಒಂದು ವೇದಿಕೆ ಸಿಗುತ್ತದೆ ಎಂದು ನಂಬಿದೆ. ಅಮ್ಮನಿಗೆ ಫೋನಿನಲ್ಲಿ ಸೋಲ್ ಎಂದಾಗ ಅವರಿಗೆ ಸೋಲು ಎಂದೇ ಕೇಳಿಸಿತು. “ಮನಸೋಲುವ ಸೋಲು, ಅಮ್ಮ” ಎಂದೆ. ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಇಂದಿಗೂ ಸಿಕ್ಕಿಲ್ಲ.

ಮೊದಲ ತಂಡ ಕಟ್ಟಿದ್ದು 2015ರ ಸುಮಾರಿಗೆ. ಎಲ್ಲರೂ ಮಾಡುವಂತೆ ಒಬ್ಬ ಗಾಯಕಿಯನ್ನು ಮುಂದಿಟ್ಟುಕೊಂಡು, ಅವರ ಹೆಸರಿನಲ್ಲೇ ಪೋಸ್ಟರ್ ಹಾಕಿದೆವು. ಹನ್ನೊಂದು ತಿಂಗಳ ಅಭ್ಯಾಸ. ಅವರಿಗೆ ಊರೂರು ಸುತ್ತುವ ಸಂಗೀತ ನಾಟಕದಲ್ಲಿ ಕಾಯಂ ಸಂಬಳದ ಕೆಲಸ ಸಿಕ್ಕಿತು, ಹೋದರು. ಅವರದು ತಪ್ಪಿಲ್ಲ. ಆದರೆ ಎಂಟು ಜನ ವಾದ್ಯದವರು ಹಾಡಿಲ್ಲದೆ ನಿಂತೆವು. ಆಮೇಲೆ ಎರಡು ವರ್ಷ ಮದುವೆಗಳಲ್ಲಿ ನುಡಿಸಿದೆವು. ಹಣ ಬಂತು, ತಲೆಗೆ ಮುನ್ನೂರು ನಾನೂರು ಡಾಲರ್‌ವರೆಗೂ. ಆದರೆ ಊಟದ ಹೊತ್ತಿನಲ್ಲಿ ಮೆಲ್ಲಗೆ ನುಡಿಸಿ ನುಡಿಸಿ ಹಾರ್ನ್‌ನವರ (ಟ್ರಂಪೆಟ್, ಸ್ಯಾಕ್ಸೊಫೋನ್ ಊದುವವರ) ತುಟಿಯೇ ಸತ್ತುಹೋಯಿತು. ಒಬ್ಬೊಬ್ಬರಾಗಿ ಬಿಟ್ಟರು.

ಅತಿ ದೊಡ್ಡ ನಷ್ಟ ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ವಾದ್ಯದ್ದು. ನಿಜವಾದ ಹ್ಯಾಮಂಡ್ ಇಲ್ಲದೆ ಸೋಲ್ ಇಲ್ಲ ಎಂಬ ಹಟ ನನ್ನದು. ಅದರ ಹೆಸರಾಂತ ಮಾದರಿ ಬಿ3 ಎಂದರೆ ಪೆಡಲ್, ಬೆಂಚು ಸೇರಿ ಸುಮಾರು 190 ಕಿಲೋ. ಅದಕ್ಕೆ ಕೈ ಹಾಕಲಿಲ್ಲ. ಅದಕ್ಕಿಂತ ಚಿಕ್ಕದೊಂದು ಹಳೆಯ ಮಾದರಿ, ಜೊತೆಗೆ ದನಿಯನ್ನು ತಿರುಗಿಸಿ ಹೊರಬಿಡುವ ಒಂದು ಲೆಸ್ಲಿ ಸ್ಪೀಕರ್ ಕೊಂಡೆ. ಪ್ರತಿ ಸಲ ವ್ಯಾನ್ ಬಾಡಿಗೆ, ಎತ್ತುವ ಇಬ್ಬರಿಗೆ ಕೂಲಿ. ಮಳೆಗಾಲದ ಒಂದು ರಾತ್ರಿ ನೆಲಮಾಳಿಗೆಯ ಸಭಾಂಗಣಕ್ಕೆ ಇಳಿಸುವಾಗ, ಏಳನೆಯ ಮೆಟ್ಟಿಲಿನಲ್ಲಿ ಪಟ್ಟಿ ಜಾರಿತು. ಕೆಳಗಿದ್ದವನು ಪಕ್ಕಕ್ಕೆ ಹಾರಿ ಉಳಿದುಕೊಂಡ. ಆರ್ಗನ್ ಮೂರು ಮೆಟ್ಟಿಲು ಇಳಿದು ಗೋಡೆಗೆ ಒರಗಿ ನಿಂತಿತು. ಒಳಗಿನಿಂದ ತಂತಿ ಕಡಿದಂಥ ಒಂದು ಸಣ್ಣ ದನಿ ಬಂತು, ಅಷ್ಟೇ. ಆ ದನಿ ಈಗಲೂ ಕಿವಿಯಲ್ಲಿದೆ. ರಿಪೇರಿ ಮಾಡಿಸಿ ಮಾರುವ ಹೊತ್ತಿಗೆ ಮೂರೂವರೆ ಸಾವಿರ ಡಾಲರ್ ಹೋಗಿತ್ತು. ಲೆಸ್ಲಿಯನ್ನು ಉಳಿಸಿಕೊಂಡೆ. ಈಗ ಕೈಯಲ್ಲಿ ಹಿಡಿದೊಯ್ಯುವ ಡಿಜಿಟಲ್ ಆರ್ಗನ್ನನ್ನು ಅದೇ ಲೆಸ್ಲಿಗೆ ಜೋಡಿಸುತ್ತೇವೆ. ಕೇಳುವವರಿಗೆ ಗಾಳಿಯಲ್ಲಿ ತಿರುಗುವ ಆ ಸದ್ದು ಮುಖ್ಯ, ಪೆಟ್ಟಿಗೆಯ ಮರವಲ್ಲ.

ಉಪಾಯ ಹೊಳೆದದ್ದು ಲಾಕ್‌ಡೌನ್‌ನಲ್ಲಿ. ಮೆಲ್ಬರ್ನ್ ಒಟ್ಟು 262 ದಿನ ಬಾಗಿಲು ಹಾಕಿ ಕುಳಿತಿತ್ತು. ಆಗ ನಲವತ್ತು ಹಾಡುಗಳ ಹಾರ್ನ್ ಸ್ವರಲಿಪಿ ಬರೆಯುತ್ತಿದ್ದೆ. ಬರೆಯುತ್ತಾ ಬರೆಯುತ್ತಾ ಮೈಸೂರಿನ ಗಣೇಶನ ಪೆಂಡಾಲುಗಳು ನೆನಪಾದವು. ಅಲ್ಲಿ ವಾದ್ಯದವರು ರಾತ್ರಿಯಿಡೀ ಕುಳಿತಲ್ಲೇ ಇರುತ್ತಿದ್ದೆವು. ಗಾಯಕರು ಬಂದು ಹೋಗುತ್ತಿದ್ದರು: ರಾಜ್‌ಕುಮಾರ್ ಹಾಡುಗಳಿಗೊಬ್ಬರು, ಎಸ್‌.ಪಿ.ಬಿ. ಹಾಡುಗಳಿಗೊಬ್ಬರು, ಜಾನಕಿಯಮ್ಮನ ಹಾಡುಗಳಿಗೊಬ್ಬರು. ಒಬ್ಬರು ಬರದಿದ್ದರೂ ಕಾರ್ಯಕ್ರಮ ನಿಲ್ಲುತ್ತಿರಲಿಲ್ಲ. ಅಮೆರಿಕದ ಮೆಂಫಿಸ್‌ನಲ್ಲಿ ಸೋಲ್‌ಗೆ ಹೆಸರಾದ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ಬುಕರ್ ಟಿ. ಮತ್ತು ಎಂ.ಜಿ.ಸ್ ತಂಡ ಮಾಡಿದ್ದೂ ಇದನ್ನೇ. ಅದೇ ತಂಡದ ಗಿಟಾರ್ ವಾದಕ ಸ್ಟೀವ್ ಕ್ರಾಪರ್ ಜೊತೆ 2007ರಲ್ಲಿ ಆಸ್ಟ್ರೇಲಿಯದ ಗಾಯಕ ಗೈ ಸೆಬಾಸ್ಟಿಯನ್ ಒಂದು ಆಲ್ಬಮ್ ಮಾಡಿದರು. ಗೈ ಅವರ ತಾಯಿ ಹುಟ್ಟಿದ್ದು ಕಾನ್ಪುರದಲ್ಲಿ. ‘ಇದು ನಮ್ಮವರ ಗಂಟಲಿಗೆ ಒಗ್ಗುವುದಿಲ್ಲ’ ಎನ್ನುವ ಗೆಳೆಯರಿಗೆ ಈ ಮಾತನ್ನು ಹೇಳಿಯೇ ಹೇಳುತ್ತೇನೆ.

ಹೀಗೆ ನಿಯಮ ಗೊತ್ತಾಯಿತು. ವಾದ್ಯದವರು ಕಾಯಂ, ಗಾಯಕರು ಸರದಿ. ಒಂದು ರಾತ್ರಿಗೆ ಮೂವರು, ತಲಾ ಐದು ಹಾಡು. ಎರಡು ನಮ್ಮ ನಲವತ್ತರ ಪಟ್ಟಿಯಿಂದ, ಎರಡು ಅವರ ಇಷ್ಟದ್ದು, ಒಂದು ಕಡ್ಡಾಯವಾಗಿ ಅವರೇ ಬರೆದದ್ದು. ಒಬ್ಬರು ಹಾಡುವಾಗ ಉಳಿದ ಇಬ್ಬರು ಪಕ್ಕದಲ್ಲಿ ನಿಂತು ಕೋರಸ್ ಕೊಡಬೇಕು. ಇದಕ್ಕೆ ಒಪ್ಪದವರನ್ನು ಕರೆಯುವುದಿಲ್ಲ. ಇಬ್ಬರು ಹೆಸರುವಾಸಿ ಗಾಯಕರನ್ನು ಈ ಕಾರಣಕ್ಕೇ ಬಿಟ್ಟಿದ್ದೇನೆ. ಕೋರಸ್‌ಗೆ ಬೇರೆ ಖರ್ಚಿಲ್ಲ ಎಂಬುದು ಒಂದು ಲಾಭ. ಇನ್ನೊಂದು, ಪೈಪೋಟಿ ಅಲ್ಲೇ ಕರಗಿಬಿಡುತ್ತದೆ. ಮೂವರೂ ತಮ್ಮ ತಮ್ಮ ಇಪ್ಪತ್ತೈದು ಮೂವತ್ತು ಜನರನ್ನು ಕರೆತರುತ್ತಾರೆ. ಒಬ್ಬರಿಗಾಗಿ ಬಂದವರು ಇನ್ನಿಬ್ಬರನ್ನು ಕೇಳಿ ಮುಂದಿನ ತಿಂಗಳೂ ಬರುತ್ತಾರೆ.

ಗಾಯಕರನ್ನು ಎಲ್ಲಿ ಹುಡುಕುವುದು? ಮೆಲ್ಬರ್ನ್‌ನ ಹೆಸರಾಂತ ಗಾಯಕಿಯರಾದ ವೀಕಾ ಮತ್ತು ಲಿಂಡಾ ಬುಲ್ ಅಕ್ಕತಂಗಿಯರ ತಾಯಿ ಟೊಂಗಾ ದ್ವೀಪದವರು; ಆ ಇಬ್ಬರೂ ಚರ್ಚಿನಲ್ಲಿ ಹಾಡುತ್ತಾ ಬೆಳೆದವರು. ಅದನ್ನೇ ಸುಳಿವಾಗಿ ಹಿಡಿದು ಭಾನುವಾರಗಳಂದು ಪಶ್ಚಿಮ ಭಾಗದ ಪೆಸಿಫಿಕ್ ದ್ವೀಪದವರ ಚರ್ಚುಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೆ. ನಮ್ಮ ಅತ್ಯುತ್ತಮ ನಾಲ್ವರು ಸಿಕ್ಕಿದ್ದು ಅಲ್ಲೇ. ಸೋಲ್ ಅಮೆರಿಕದಿಂದ ತಂದ ಸಾಲ, ಆಸ್ಟ್ರೇಲಿಯದಲ್ಲಿ ಬರೀ ನಕಲು ಎನ್ನುವವರಿದ್ದಾರೆ. 1960ರ ದಶಕದಲ್ಲೇ ಸಫೈರ್ಸ್ ಎಂಬ ಆದಿವಾಸಿ ಗಾಯಕಿಯರ ತಂಡ ಮೆಲ್ಬರ್ನ್‌ನಲ್ಲಿ ಹಾಡುತ್ತಿತ್ತು. ಆ ಬಳಗದ ಅಕ್ಕತಂಗಿಯರಿಬ್ಬರು 1968ರಲ್ಲಿ ವಿಯೆಟ್ನಾಂಗೆ ಹೋಗಿ ಸೈನಿಕರ ಮುಂದೆ ಹಾಡಿ ಬಂದರು. ಆದಿವಾಸಿ ಗಾಯಕಿ ಎಮ್ಮಾ ಡೊನೊವನ್ ಪುಟ್‌ಬ್ಯಾಕ್ಸ್ ತಂಡದೊಡನೆ ಹಾಡುವುದನ್ನು ಒಮ್ಮೆ ಎದುರು ನಿಂತು ಕೇಳಿದವರು ನಕಲು ಎಂಬ ಮಾತನ್ನು ಮತ್ತೆ ಎತ್ತುವುದಿಲ್ಲ.

ಶ್ರುತಿಯ ವಿಷಯದಲ್ಲಿ ಬಹಳ ಪೆಟ್ಟು ತಿಂದೆ. ಮೊದಲು ಗಾಯಕರು ಮಧ್ಯಾಹ್ನ ಫೋನಿನಲ್ಲಿ ಹಾಡಿ ತೋರಿಸಿದ ಶ್ರುತಿಯನ್ನೇ ಬರೆದುಕೊಳ್ಳುತ್ತಿದ್ದೆ. ರಾತ್ರಿ ವೇದಿಕೆಯಲ್ಲಿ ಅದು ಕೆಳಗೆ ಬೀಳುತ್ತಿತ್ತು. ಕಾದ ಗಂಟಲು ಇನ್ನಷ್ಟು ಮೇಲೆ ಹೋಗಬಯಸುತ್ತದೆ. ಈಗ ರಾತ್ರಿ ಒಂಬತ್ತಕ್ಕೆ ಕರೆ ಮಾಡಿ, ಹಾಡಿನ ಅತಿ ಜೋರಾದ ಸಾಲೊಂದನ್ನು ಮಾತ್ರ ಹಾಡಿಸುತ್ತೇನೆ. ಇ ಶ್ರುತಿ ಬಂತೆಂದರೆ ಗಿಟಾರ್‌ನವರಿಗೆ ಹಬ್ಬ, ಹಾರ್ನ್‌ನವರಿಗೆ ಕಷ್ಟ. ಅವರ ಹಾಳೆಯನ್ನು ಬೇರೆ ಶ್ರುತಿಗೆ ಬರೆಯಬೇಕು: ಟ್ರಂಪೆಟ್‌ಗೆ ಅದು ಎಫ್ ಶಾರ್ಪ್, ಬ್ಯಾರಿಟೋನ್ ಸ್ಯಾಕ್ಸೊಫೋನ್‌ಗೆ ಸಿ ಶಾರ್ಪ್. ಅರ್ಧ ಮನೆ, ಅಂದರೆ ಪಕ್ಕದ ಸ್ವರಕ್ಕೆ, ಇಳಿಸಿ ಇ ಫ್ಲಾಟ್ ಮಾಡಿದರೆ ಟ್ರಂಪೆಟ್‌ಗೆ ಎಫ್, ಬ್ಯಾರಿಟೋನ್‌ಗೆ ಸಿ. ಓದುವುದು ಸಲೀಸು, ದನಿಯೂ ತುಂಬಿ ಬರುತ್ತದೆ. ಹಾರ್ನ್‌ನ ನಾಲ್ವರು ಅಭ್ಯಾಸಕ್ಕೇ ಬರುವುದಿಲ್ಲ. ಸಂಜೆ ಸೌಂಡ್‌ಚೆಕ್‌ನಲ್ಲಿ ಸ್ವರಲಿಪಿ ನೋಡಿ ನುಡಿಸುತ್ತಾರೆ. ಅಭ್ಯಾಸವೇನಿದ್ದರೂ ಉಳಿದ ಐವರಿಗೆ, ಎರಡೇ ಗಂಟೆ. ಲಾಕ್‌ಡೌನ್‌ನಲ್ಲಿ ಬರೆದಿಟ್ಟದ್ದರ ಫಲ ಇದು.

ಕಾಲಪ್ರಮಾಣ ಇನ್ನೊಂದು ಹೋರಾಟ. ಜನ ಕುಣಿಯತೊಡಗಿದರೆ ಡ್ರಮ್ಮರ್ ವೇಗ ಏರಿಸಿ ಓಡುತ್ತಾನೆ. ಮೆಲ್ಬರ್ನ್‌ನ ಸೋಲ್ ಗಾಯಕಿ ರೆನೇ ಗೈಯರ್ ಅವರ 1970ರ ದಶಕದ ಧ್ವನಿಮುದ್ರಣಗಳನ್ನು ಎಲ್ಲರಿಗೂ ಕೇಳಿಸಿದೆ. ಆಕೆ ತಾಳದ ಪೆಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ಹಾಡುತ್ತಾರೆ. ವಾದ್ಯದವರು ಅವರಿಗಾಗಿ ಕಾಯುವುದಿಲ್ಲ, ಓಡುವುದೂ ಇಲ್ಲ. ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ ನಮ್ಮ ಅನಾಗತ ಎಡುಪು ಬಲ್ಲವರಿಗೆ ಇದು ಅರ್ಥವಾಗುತ್ತದೆ, ಆದರೆ ಇದು ಲೆಕ್ಕದ ಜಾಗವಲ್ಲ, ಉಸಿರಿನ ಜಾಗ. 2023ರ ಜನವರಿಯಲ್ಲಿ ಆಕೆ ತೀರಿಕೊಂಡಾಗ ಮುಂದಿನ ಬುಧವಾರವನ್ನು ಪೂರ್ತಿ ಅವರಿಗೇ ಮೀಸಲಿಟ್ಟೆವು. ಕೊನೆಯ ಹಾಡಿನಲ್ಲಿ ನಮ್ಮ ಗಾಯಕಿ ಮೈಕಿನಿಂದ ಒಂದು ಮೊಳ ದೂರ ಸರಿದು ಬರೀ ಬಾಯಿಂದ ಹಾಡಿದರು. ಲೋಟದ ಸದ್ದೂ ಇರಲಿಲ್ಲ. ದನಿ ಎಳೆಯದೆ ಬೇಗ ಅಡಗಲೆಂದು ನನ್ನ ಬೇಸಿನಲ್ಲಿ ಫ್ಲಾಟ್‌ವೌಂಡ್ (ನುಣುಪು ಮೈಯ) ತಂತಿ, ಬ್ರಿಡ್ಜ್ ಬಳಿ ತಂತಿಯ ಅಡಿಗೆ ಸ್ಪಂಜು. ಯಾವ ಸ್ಪಂಜು, ಎಷ್ಟು ದಪ್ಪ ಎಂಬುದನ್ನು ಹೇಳುವುದಿಲ್ಲ. ಒಂದೂವರೆ ವರ್ಷ ಹುಡುಕಿದ್ದೇನೆ. ಹಾಗೆಯೇ ಎರಡನೆಯ ಗಾಯಕರಿಂದ ಮೂರನೆಯವರಿಗೆ ಚಪ್ಪಾಳೆ ನಿಲ್ಲದಂತೆ ದಾಟುವ ಬಗೆಯೂ ನಮ್ಮಲ್ಲೇ ಇರಲಿ.

ನಡುವೆ ಒಂದು ಪ್ರಯೋಗ. ಟ್ಯಾಂಬರಿನ್ ಬದಲು ಖಂಜಿರ ಹಿಡಿಸಿದೆ. ಮನೆಯಲ್ಲಿ ಅದ್ಭುತವಾಗಿತ್ತು, ವೇದಿಕೆಯಲ್ಲಿ ಬೇಸ್ ಮತ್ತು ಕಿಕ್ ಡ್ರಮ್ಮಿನ ನಡುವೆ ಮುಳುಗಿಹೋಯಿತು. ಅದಕ್ಕಿರುವುದು ಒಂದೋ ಎರಡೋ ಜೊತೆ ಬಿಲ್ಲೆ, ಟ್ಯಾಂಬರಿನ್‌ನ ಝಲ್ಲೆನ್ನುವ ಅಂಚು ಅದರಿಂದ ಬಾರದು. ಆದರೆ ಡ್ರಮ್ಮರ್ ನಿಲ್ಲಿಸಿ, ಆರ್ಗನ್ ಒಂದೇ ಉಳಿದ ನಿಧಾನದ ಹಾಡಿಗೆ ಖಂಜಿರ ಕೂಡಿಕೊಂಡಿತು. ಈಗ ರಾತ್ರಿಗೆ ಒಂದು ಸಲ ಅದು ಹೊರಬರುತ್ತದೆ. ಫಿಟ್ಸ್‌ರಾಯ್‌ನ ನೈಟ್ ಕ್ಯಾಟ್‌ನಲ್ಲಿ ವೇದಿಕೆ ಕೋಣೆಯ ನಟ್ಟನಡುವೆ ಇದೆ. ಅದನ್ನು ನೋಡಿ ಬಂದ ಮೇಲೆ ಹಾರ್ನ್‌ನವರನ್ನು ಜನರ ಕಡೆಗಲ್ಲದೆ ಗಾಯಕರ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಅಂದಿನಿಂದ ಅವರು ಗಾಯಕರ ಭುಜ ನೋಡಿಯೇ ಉಸಿರು ತೆಗೆದುಕೊಳ್ಳುತ್ತಾರೆ.

ಇನ್ನು ಹಣ. ಮೊದಲ ರಾತ್ರಿ ನಲವತ್ತೊಂದು ಟಿಕೆಟ್, 15 ಡಾಲರ್‌ನಂತೆ 615. ಸಭಾಂಗಣಕ್ಕೆ ಮತ್ತು ಧ್ವನಿ ತಂತ್ರಜ್ಞರಿಗೆ 350. ನನ್ನನ್ನು ಬಿಟ್ಟು ಹನ್ನೊಂದು ಜನರಿಗೆ ತಲಾ 100 ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಕೈಯಿಂದ ಎಂಟುನೂರು ಚಿಲ್ಲರೆ ಹಾಕಿದೆ. ಎರಡನೆಯದೂ ಹಾಗೆಯೇ. ಮನೆಯಲ್ಲಿ ಮಾತು ಬಂತು. ಮೂರು ಸಾವಿರ ಮುಗಿಯುವವರೆಗೆ ಎಂದು ಹೆಂಡತಿಗೆ ಮಾತು ಕೊಟ್ಟೆ. ಎರಡು ಸಾವಿರದ ಏಳುನೂರರ ಹತ್ತಿರ ನಿಂತಿತು. ಈಗ ಸಾಧಾರಣ ರಾತ್ರಿ 130 ಜನ, 22 ಡಾಲರ್ ಟಿಕೆಟ್. ಖರ್ಚು ಕಳೆದು ಎರಡು ಸಾವಿರದ ಇನ್ನೂರರಷ್ಟು ಉಳಿಯುತ್ತದೆ. ಹನ್ನೆರಡು ಸಮಪಾಲು, ತಲೆಗೆ 180ರ ಆಸುಪಾಸು. ನಾನೂ ಅಷ್ಟೇ ತೆಗೆದುಕೊಳ್ಳುತ್ತೇನೆ. ಇಲ್ಲಿನ ಸಂಗೀತಗಾರರ ಸಂಘ ಕೇಳುವ ಕನಿಷ್ಠ ಮೊತ್ತ 250. ಅದನ್ನು ಮುಟ್ಟಿದ್ದು ಮೂರು ನಾಲ್ಕು ಸಲ ಮಾತ್ರ, ಆ ಕೊರಗು ನನಗಿದೆ. ಮೊಬೈಲ್ ಜಾಹೀರಾತಿಗೆ ಸುರಿದ 300 ಡಾಲರ್‌ನಿಂದ ಆರೇಳು ಜನ ಬಂದಿರಬಹುದು. ಕೇಳುಗರ ಚಂದಾದಿಂದ ನಡೆಯುವ ಸಮುದಾಯ ರೇಡಿಯೋ ಪಿಬಿಎಸ್ 106.7ರಲ್ಲಿ ಒಮ್ಮೆ ಹೆಸರು ಹೇಳಿದ್ದಕ್ಕೆ ಬಾಗಿಲಲ್ಲಿ ಸಾಲು ನಿಂತಿತು.

ಐವತ್ತು ದಾಟಿದವರು ಇಷ್ಟೊಂದು ಬರುತ್ತಾರೆಂದು ನಾನು ಎಣಿಸಿರಲಿಲ್ಲ. 1991ರಲ್ಲಿ ಇಲ್ಲಿನ ರಾಕ್ ಗಾಯಕ ಜಿಮ್ಮಿ ಬಾರ್ನ್ಸ್ ಸೋಲ್ ಹಾಡುಗಳ ಆಲ್ಬಮ್ ತಂದಾಗ ಅದು ಈ ದೇಶದ ಮನೆಮನೆಗೂ ಹೋಯಿತು. ಆ ಪೀಳಿಗೆಗೆ ಈ ಹಾಡುಗಳು ಬಾಯಿಪಾಠ. ನಮ್ಮ ಪಟ್ಟಿಯ ನಲವತ್ತರಲ್ಲಿ ಹತ್ತು ಹಾಡುಗಳನ್ನು ಅವರಿಗಾಗಿಯೇ ಇಟ್ಟಿದ್ದೇನೆ. ಆದರೆ ಗಾಯಕರ ಸ್ವಂತ ಹಾಡನ್ನು ಯಾರು ಬೇಡವೆಂದರೂ ಬಿಡುವುದಿಲ್ಲ. ಮೆಲ್ಬರ್ನ್‌ನ ಕುಕಿನ್ ಆನ್ ತ್ರೀ ಬರ್ನರ್ಸ್ ತಂಡದೊಡನೆ ಕೈಲೀ ಆಲ್ಡಿಸ್ಟ್ 2009ರಲ್ಲಿ ಹಾಡಿದ ಹಾಡೊಂದನ್ನು ಫ್ರಾನ್ಸಿನ ಕುಂಗ್ಸ್ ಎಂಬ ಹುಡುಗ ಮರುರೂಪಿಸಿ, 2016ರಲ್ಲಿ ಅದು ಯುರೋಪಿನಾದ್ಯಂತ ಮೊಳಗಿತು. ಏಳು ವರ್ಷ ಕಾದ ಹಾಡು! ಪ್ರತಿ ಕಾರ್ಯಕ್ರಮದ ಮರುದಿನ ಹಾಡಿದ ಹಾಡುಗಳ ವಿವರವನ್ನು ಆಪ್ರಾ ಆಮ್‌ಕೋಸ್ ಸಂಸ್ಥೆಗೆ ಸಲ್ಲಿಸಿ ಎಂದು ಗಾಯಕರ ಬೆನ್ನು ಹತ್ತುತ್ತೇನೆ. ಬರೆದವರ ಗೌರವಧನ ಬರುವುದು ಆ ದಾರಿಯಿಂದಲೇ.

ಹೋದ ವಾರ, 2022ರಲ್ಲಿ ಆ ಪ್ರಶ್ನೆ ಕೇಳಿದ್ದ ಪಬ್ಬಿನವರೇ ಕರೆ ಮಾಡಿ ಶುಕ್ರವಾರ ರಾತ್ರಿ ಹತ್ತಕ್ಕೆ ಶುರುಮಾಡಿ ಎಂದರು. ಒಲ್ಲೆ ಎಂದೆ. ನಮ್ಮದು ಏಳೂವರೆಗೆ ಶುರು, ಹತ್ತರೊಳಗೆ ಮುಕ್ತಾಯ. ಜನ 86ನೇ ನಂಬರಿನ ಟ್ರಾಮ್ ಹಿಡಿದು ಮನೆ ಸೇರಬೇಕು, ಮರುದಿನ ಕೆಲಸವಿರುತ್ತದೆ.

ಬರುವ ಬುಧವಾರಕ್ಕೆ ಸಮೋವಾ ಮೂಲದ ಹತ್ತೊಂಬತ್ತರ ಹುಡುಗಿಯೊಬ್ಬಳು ಮೊದಲ ಸಲ ಹಾಡುತ್ತಿದ್ದಾಳೆ. ನಿನ್ನೆ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ತನ್ನ ಹಾಡಿನ ಸಾಲು ಹಾಡಿದಳು. ಶ್ರುತಿ ಇ. ಅರ್ಧ ಮನೆ ಇಳಿಸೋಣವೇ ಎಂದೆ. ಇಳಿಸಿ ಹಾಡಿದಳು, ನಾನು ಸುಮ್ಮನೆ ಕೇಳಿದೆ, ಮತ್ತೆ ಇ ಶ್ರುತಿಯಲ್ಲೇ ಹಾಡು ಎಂದೆ. ಟ್ರಂಪೆಟ್‌ನ ಎಫ್ ಶಾರ್ಪ್ ಹಾಳೆಗಳನ್ನು ಇವತ್ತು ಬರೆದು ಮುಗಿಸಬೇಕು.