ಔಷಧಿಯನ್ನೇ ಅರಗಿಸಿಕೊಂಡ ಕೋಸಿನ ಹುಳ: ನನ್ನ ಅನುಭವ

ಮಾಲೂರು ಕಡೆಯ ಒಂದು ಕೋಸಿನ ತೋಟ. ಅಲ್ಲಿನ ರೈತರು ಅರ್ಧ ಖಾಲಿಯಾದ ಸೈಪರ್‌ಮೆಥ್ರಿನ್ ಎಂಬ ಕೀಟನಾಶಕದ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ಇದು ಡೂಪ್ಲಿಕೇಟ್ ಮೇಡಂ. ಡಬಲ್ ಹಾಕಿ ಹೊಡೆದೆ, ಒಂದೂ ಸಾಯ್ತಿಲ್ಲ" ಅಂದರು. ಎಲೆ ಮಗುಚಿ ನೋಡಿದೆ. ವಜ್ರಬೆನ್ನಿನ ಪತಂಗದ ಹಸಿರು ಮರಿಗಳು. ಮುಟ್ಟಿದರೆ ನೂಲು ಬಿಟ್ಟು ಕೆಳಗೆ ಜೋತಾಡುವಷ್ಟು ಚುರುಕು. ನಾನು ಆಗ ಬೆಂಗಳೂರಿನಲ್ಲಿ ಕೀಟಶಾಸ್ತ್ರ ಓದುತ್ತಿದ್ದೆ. ಬಾಟಲಿಯನ್ನೂ ತಂದೆ, ಹುಳಗಳನ್ನೂ ತಂದೆ.

ಮೊದಲು ಬಾಟಲಿಯ ಅನುಮಾನ ತೀರಿಸಿಕೊಳ್ಳಬೇಕಿತ್ತು. ನಮ್ಮ ಪ್ರಯೋಗಾಲಯದಲ್ಲಿ ಇದೇ ಪತಂಗವನ್ನು ಔಷಧಿಯ ಸೋಂಕೇ ಇಲ್ಲದೆ, ಸಾಸಿವೆ ಸಸಿ ಮೇಲೆ, ಎಷ್ಟೋ ತಲೆಮಾರಿನಿಂದ ಸಾಕುತ್ತಿದ್ದೆವು. ಕೋಸಿನ ಎಲೆಯ ತುಂಡನ್ನು ಅದೇ ಬಾಟಲಿಯ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಒಂದೊಂದು ತಟ್ಟೆಗೆ ಹತ್ತು ಹುಳ ಬಿಟ್ಟೆ. 48 ಗಂಟೆ ಬಿಟ್ಟು ನೋಡಿದರೆ ಸಾಕಿದ ಹುಳಗಳೆಲ್ಲ ಸತ್ತಿದ್ದವು. ಮಾಲೂರಿನವು ಹೆಚ್ಚಿನವು ಎಲೆಯನ್ನೇ ಜರಡಿ ಮಾಡಿದ್ದವು. ಔಷಧಿಯಲ್ಲಿ ಕೊರತೆ ಇರಲಿಲ್ಲ.

ಇದಕ್ಕೆ ಎರಡು ಕಾರಣ ಇರಬಹುದು. ಸೈಪರ್‌ಮೆಥ್ರಿನ್ ಹೋಗಿ ಕೂರುವ ನರದ ಜಾಗವೇ ಬದಲಾಗಿರಬಹುದು. ಇಲ್ಲವೇ, ನರ ಮುಟ್ಟುವ ಮೊದಲೇ ಹುಳದ ಕಿಣ್ವಗಳು ಅದನ್ನು ಒಡೆಯುತ್ತಿರಬಹುದು. ಎರಡನ್ನೂ ಬೇರೆ ಮಾಡಲು ಪಿಬಿಒ ಎಂಬ ರಾಸಾಯನಿಕ ಬಳಸುತ್ತೇವೆ, ಪೂರ್ತಿ ಹೆಸರು ಪೈಪರೋನಿಲ್ ಬ್ಯೂಟಾಕ್ಸೈಡ್. ಪಿ450 ಎಂಬ ಕಿಣ್ವಗಳ ಕೈ ಕಟ್ಟಿಹಾಕುವುದು ಅದರ ಕೆಲಸ. ಹುಳ ಸಾಯದಷ್ಟು ಕಡಿಮೆ ಪಿಬಿಒ ಅನ್ನು ಬೆನ್ನಿಗೆ ಹಚ್ಚಿ, ಒಂದು ಗಂಟೆ ಕಾದು, ಔಷಧಿಯ ಎಲೆಗೆ ಬಿಟ್ಟೆ. ಬರೀ ಪಿಬಿಒ ಹಚ್ಚಿದ ಹುಳಗಳ ತಟ್ಟೆಯೂ ಪಕ್ಕದಲ್ಲೇ ಇರಬೇಕು. ಅದಿಲ್ಲದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ಈ ಸಲ ಮಾಲೂರಿನ ಹುಳಗಳು ಉರುಳಿಬಿದ್ದವು. ಎಲ್ಲವೂ ಅಲ್ಲ, ಆದರೆ ಜಾಸ್ತಿ. ಎಸ್ಟರೇಸ್ ಕಿಣ್ವ ತಡೆಯುವ ಟ್ರೈಫಿನೈಲ್ ಫಾಸ್ಫೇಟ್ ಹಚ್ಚಿದಾಗಲೂ ಸಾವು ಹೆಚ್ಚಿತು. ಸೈಪರ್‌ಮೆಥ್ರಿನ್ ಅಣುವಿನ ನಡುವೆ ಎಸ್ಟರ್ ಎಂಬ ಕೊಂಡಿಯಿದೆ. ಎಸ್ಟರೇಸ್ ಆ ಕೊಂಡಿಯನ್ನೇ ಕತ್ತರಿಸುತ್ತದೆ. ಪಿ450 ಅದೇ ಅಣುವಿಗೆ ಆಮ್ಲಜನಕ ಸೇರಿಸಿ, ನೀರಲ್ಲಿ ಕರಗಿ ಹೊರಹೋಗುವಂತೆ ಮಾಡುತ್ತದೆ. ಅಂದರೆ ಎರಡು ಕಡೆಯಿಂದ ಕೆಲಸ ನಡೆದಿತ್ತು.

ಎಸ್ಟರೇಸ್ ಅನ್ನು ಕಣ್ಣಾರೆ ನೋಡುವ ಪರೀಕ್ಷೆಯೂ ಇದೆ. ಹುಳಗಳನ್ನು ಮಂಜುಗಡ್ಡೆಯ ಮೇಲೆ ಅರೆದು, ತಿಳಿ ತೆಗೆದು, ನ್ಯಾಫ್ಥೈಲ್ ಅಸಿಟೇಟ್ ಹಾಕಬೇಕು. ಕಿಣ್ವ ಅದನ್ನು ಒಡೆದ ಮೇಲೆ ಫಾಸ್ಟ್ ಬ್ಲೂ ಬಣ್ಣ ಸೇರಿಸಿದರೆ ನೀಲಿ ಏರುತ್ತದೆ. ಕಿಣ್ವ ಜಾಸ್ತಿ ಇದ್ದಷ್ಟು ಬಣ್ಣ ಗಾಢ. ಮೊದಲ ದಿನವೇ ಮಾಲೂರಿನ ಸಾಲು ಕಡುನೀಲಿಯಾಯಿತು. ನನಗೆ ತುಂಬಾ ಖುಷಿ. ನನ್ನ ಗೈಡ್ ಒಂದೇ ಪ್ರಶ್ನೆ ಕೇಳಿದರು: "ಪ್ರೋಟೀನ್ ಅಳೆದೆಯಾ?" ಅಳೆದಿರಲಿಲ್ಲ. ತೋಟದ ಹುಳಗಳು ದಪ್ಪ ಇದ್ದವು. ದಪ್ಪ ಹುಳದಲ್ಲಿ ಎಲ್ಲವೂ ಜಾಸ್ತಿಯೇ, ಅಲ್ವಾ? ಒಂದೇ ಹಂತದ, ಒಂದೇ ತೂಕದ ಹುಳ ಆರಿಸಿ, ಪ್ರೋಟೀನ್ ಲೆಕ್ಕಕ್ಕೆ ಸರಿದೂಗಿಸಿ ಮತ್ತೆ ಮಾಡಿದೆ. ವ್ಯತ್ಯಾಸ ಸ್ವಲ್ಪ ಇಳಿಯಿತು, ಅಳಿಯಲಿಲ್ಲ. ಈಗಲೂ ಯಾರಾದರೂ ಬರೀ ಬಣ್ಣದ ಫೋಟೊ ತೋರಿಸಿದರೆ ನಾನು ಪ್ರೋಟೀನ್ ಅಳತೆ ಕೇಳುತ್ತೇನೆ.

ತೋಟಕ್ಕೆ ಮರಳಿ ಹೋಗಿ ವಿಷಯ ಹೇಳಿದೆ. "ಹುಳಕ್ಕೆ ಔಷಧಿ ಅಭ್ಯಾಸ ಆಗಿದೆ ಅನ್ನಿ" ಅಂದರು. ಅಭ್ಯಾಸ ಅಲ್ಲಣ್ಣ ಎಂದೆ. ಸಾವಿರ ಹುಳದಲ್ಲಿ ಕೆಲವಕ್ಕೆ ಹುಟ್ಟುತ್ತಲೇ ಈ ಕಿಣ್ವ ಹೆಚ್ಚು. ಔಷಧಿ ಉಳಿದವನ್ನು ಕೊಲ್ಲುತ್ತದೆ, ಇವು ಉಳಿದು ಮೊಟ್ಟೆಯಿಡುತ್ತವೆ. ಡಬಲ್ ಹೊಡೆದರೆ ಇನ್ನೂ ಗಟ್ಟಿಯಾದವಷ್ಟೇ ಉಳಿಯುತ್ತವೆ. ಸುಮಾರು ಮೂರು ವಾರಕ್ಕೆ ಒಂದು ತಲೆಮಾರು. ಈ ಪತಂಗ ಡಿಡಿಟಿಗೆ ಬಗ್ಗುತ್ತಿಲ್ಲ ಎಂದು 1953ರಲ್ಲೇ ಜಾವಾ ದ್ವೀಪದಿಂದ ವರದಿ ಬಂದಿತ್ತು. ಗಿಡದ ವಿಷ ಒಡೆಯುವುದಂತೂ ಇದಕ್ಕೆ ಹಳೆಯ ಕಸುಬು. ಸಾಸಿವೆ ಅರೆದಾಗ ಮೂಗಿಗೆ ಏರುವ ಘಾಟು ಕೋಸಿನ ಎಲೆಯಲ್ಲೂ ಇದೆ. ಬೇರೆ ಹುಳಗಳನ್ನು ಓಡಿಸಲು ಗಿಡ ಮಾಡಿಕೊಂಡ ಏರ್ಪಾಡು ಅದು. ಈ ಪತಂಗದ ಮರಿ ಆ ಘಾಟು ಹುಟ್ಟುವ ಮೊದಲೇ ಅದರ ಮೂಲವಸ್ತುವನ್ನು ತನ್ನ ಹೊಟ್ಟೆಯ ಸಲ್ಫಟೇಸ್ ಕಿಣ್ವದಿಂದ ನಿಷ್ಕ್ರಿಯ ಮಾಡಿಬಿಡುತ್ತದೆ.

"ಹಂಗಾದ್ರೆ ಆ ಪಿಬಿಒ ನಮಗೂ ಕೊಡಿಸಿ" ಎಂದು ಕೇಳಿದರು. ನ್ಯಾಯವಾದ ಕೇಳಿಕೆ. ಸೊಳ್ಳೆಪರದೆಗಳಲ್ಲಿ ಪೈರೆಥ್ರಾಯ್ಡ್ (ಸೈಪರ್‌ಮೆಥ್ರಿನ್ ಗುಂಪಿನ ಔಷಧಿ) ಜೊತೆ ಅದನ್ನು ಸೇರಿಸುತ್ತಾರೆ. ಆದರೆ ತೋಟದಲ್ಲಿ ಅದು ಹುಳಗಳನ್ನು ಕೊಲ್ಲುವ ಉಪಕಾರಿ ಕಣಜಗಳ ಕಿಣ್ವವನ್ನೂ ಕಟ್ಟಿಹಾಕುತ್ತದೆ. ಕ್ಲೋರ್‌ಪೈರಿಫಾಸ್‌ನಂಥ ಔಷಧಿ ವಿಷವಾಗಿ ಮಾರ್ಪಡುವುದೇ ಪಿ450ಯಿಂದ. ಅಲ್ಲಿ ಪಿಬಿಒ ಹುಳವನ್ನೇ ಕಾಪಾಡಬಹುದು. ಇಂಡಾಕ್ಸಾಕಾರ್ಬ್ ಕೂಡ ಹಾಗೆಯೇ, ಹುಳದ ಎಸ್ಟರೇಸ್ ಥರದ ಕಿಣ್ವ ಒಡೆದ ಮೇಲೆಯೇ ಅದು ಬಲವಾದ ವಿಷವಾಗುತ್ತದೆ. ಅಂಗಡಿಯಲ್ಲಿ ಬಾಟಲಿಯ ಹೆಸರು ಬದಲಿಸಿಕೊಂಡು ಬಂದರೆ ಸಾಲದು. ಒಳಗಿರುವ ಅಣು ಯಾವುದು, ಅದನ್ನು ಯಾವ ಕಿಣ್ವ ಮುಟ್ಟುತ್ತದೆ ಎಂಬುದೇ ಲೆಕ್ಕ.

ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ ಹಳೆಯ ದಾರಿಯನ್ನೇ ನಾನು ಅವರಿಗೆ ಹೇಳಿದೆ: 25 ಸಾಲು ಕೋಸಿಗೆ 2 ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲೇ ಬಿತ್ತಬೇಕು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ. ಪತಂಗ ಸಾಸಿವೆಗೆ ಹೋಗಿ ಮೊಟ್ಟೆಯಿಡುತ್ತದೆ. ಕೋಸಿಗೆ ಶೇ 4ರ ಬೇವಿನ ಬೀಜದ ಕಷಾಯ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೆಕರೆಗೆ ಎಷ್ಟು ಸಾಸಿವೆ ಬೇಕು ಎಂದು ಕೇಳಿದರು.