ಕಾರಿನಡಿ ಆಯಿಲ್ ತೊಟ್ಟಿಕ್ಕಿದರೆ: ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮೂರ ಹುಡುಗರಿಗೆ

ಡಿಸೆಂಬರ್ ರಜೆಗೆ ಕೋಲಾರಕ್ಕೆ ಬಂದವನು ಅಕ್ಕನ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಕಾಫಿ ಲೋಟ ಹಿಡಿದು ಕೂತಿದ್ದೆ. ಸನ್ನಿವೇಲ್‌ನಿಂದ ಅಕ್ಕನ ಮಗನ ವಿಡಿಯೊ ಕಾಲ್ ಬಂತು. ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ.

“ಮಾವ, ಆಯಿಲ್ ಚೇಂಜ್‌ಗೆ ಹೋಗಿದ್ದೆ. ಕೆಳಗೆ ಸೋರ್ತಿದೆ, ರಿಯರ್ ಮೇನ್ ಸೀಲ್ ಹೋಗಿದೆ, 1,900 ಡಾಲರ್ ಆಗುತ್ತೆ ಅಂದ್ರು. ಮಾಡಿಸ್ಬಿಡ್ಲಾ?”

ಹತ್ತು ವರ್ಷದ ಹಳೇ ಟೊಯೋಟಾ ಕ್ಯಾಮ್ರಿ ಅದು. ರಿಯರ್ ಮೇನ್ ಸೀಲ್ ಅಂದರೆ ಇಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಕಡೆ ಆಯಿಲ್ ತಡೆಯುವ ರಬ್ಬರ್ ಬಳೆ. ಅಡುಗೆಮನೆಯಲ್ಲಿದ್ದ ಅಕ್ಕ ಅಷ್ಟರಲ್ಲಿ ಡಾಲರನ್ನು ರೂಪಾಯಿಗೆ ಗುಣಿಸಿ ಎದೆ ಹಿಡಿದುಕೊಂಡಿದ್ದಳು. ಏನಾದರೂ ಸಹಿ ಹಾಕಿದೆಯಾ ಅಂತ ಕೇಳಿದೆ. ಇಲ್ಲ ಅಂದ. ಹಾಗಾದರೆ ಸದ್ಯಕ್ಕೆ ಏನೂ ಕೆಟ್ಟಿಲ್ಲ ಅಂತ ಹೇಳಿ, ಹತ್ತು ಗಂಟೆಗೆ ಟೇಕಲ್ ರಸ್ತೆ ಕಡೆಯ ಗ್ಯಾರೇಜಿಗೆ ಫೋನ್ ತೆಗೆದುಕೊಂಡು ಹೋದೆ. ನಮ್ಮ ಭಾವನ ಅಂಬಾಸಡರ್ ಕಾಲದಿಂದ ಕೈ ಹಾಕುತ್ತಿರುವ ಮೇಸ್ತ್ರಿ ಬನಿಯನ್ ವೇಸ್ಟಿನಲ್ಲಿ ಕೈ ಒರೆಸಿಕೊಂಡು ಫೋನ್ ಇಸ್ಕೊಂಡರು. ವಿಡಿಯೊದಲ್ಲಿ ನಮ್ಮ ಹುಡುಗ ಕತ್ತಲಲ್ಲಿ ಕಾರಿನ ಕೆಳಗೆ ಟಾರ್ಚ್ ಬಿಡುತ್ತಿದ್ದ.

“ಕೆಳಗೆ ಯಾಕಪ್ಪ ತೋರಿಸ್ತೀಯ? ಬಾನೆಟ್ ಎತ್ತು. ಟ್ಯಾಪೆಟ್ ಕವರ್ ಸುತ್ತ ಟಾರ್ಚ್ ಬಿಡು.”

ಟ್ಯಾಪೆಟ್ ಕವರ್ ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ. ಅದರ ಗೇರ್ ಬಾಕ್ಸ್ ಕಡೆಯ ಮೂಲೆಯಲ್ಲಿ ಧೂಳು ಆಯಿಲ್ ಕುಡಿದು ಹುಣಸೆಹಣ್ಣಿನ ಹಾಗೆ ಅಂಟಿಕೊಂಡಿತ್ತು. ಅಲ್ಲಿಂದ ಕೆಳಕ್ಕೆ ಒಂದು ಕಪ್ಪು ಗೆರೆ. “ಹೆಂಚಿನ ಮನೇಲಿ ಹೆಂಚು ಒಡೆಯೋದು ಒಂದು ಕಡೆ, ನೀರು ಬೀಳೋದು ಇನ್ನೊಂದು ಕಡೆ. ಮೊದಲು ತೊಳೆಸಿ ಆಮೇಲೆ ನೋಡ್ಸು” ಎಂದು ಮೇಸ್ತ್ರಿ ಫೋನ್ ವಾಪಸ್ ಕೊಟ್ಟರು.

ಆಯಿಲ್ ಸೋರುವ ಕಾರಿನ ಮರ್ಮ ಇಷ್ಟೇ. ಆಯಿಲ್ ಕೆಳಕ್ಕೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಡುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು, ಮುಂದಿರುವುದನ್ನು ಮೊದಲು ಅನುಮಾನಿಸಬೇಕು. ಟ್ಯಾಪೆಟ್ ಕವರಿನಿಂದ ಇಳಿದ ಆಯಿಲ್ ಇಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವ ಕಡೆ ಬಂದು ತೊಟ್ಟಿಕ್ಕಿದರೆ, ಕೆಳಗಿನಿಂದ ಮಾತ್ರ ನೋಡಿದವರಿಗೆ ರಿಯರ್ ಮೇನ್ ಸೀಲ್ ಹೋದ ಹಾಗೇ ಕಾಣುತ್ತದೆ. ಸರಿಯಾಗಿ ಹುಡುಕುವವರು ಇಂಜಿನ್ ತೊಳೆದು, ಆಯಿಲಿಗೆ ಯುವಿ ಡೈ ಬೆರೆಸಿ, ಸ್ವಲ್ಪ ಓಡಿಸಿ, ನೀಲಿ ದೀಪ ಹಿಡಿದು ನೋಡುತ್ತಾರೆ. ಸೋರುವ ಜಾಗ ಹೊಳೆಯುತ್ತದೆ.

ಅಂಗಡಿಗೆ ಹೋಗುವ ಮೊದಲು ನೀವೇ ಮಾಡಬಹುದಾದದ್ದೂ ಇದೆ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿ. ಕಂದು ಅಥವಾ ಕಪ್ಪು ಕಲೆ ಇಂಜಿನ್ ಆಯಿಲ್. ಕೆಂಪಗಿದ್ದರೆ ಗೇರ್ ಬಾಕ್ಸಿನದ್ದಿರಬಹುದು. ಹಸಿರು, ಗುಲಾಬಿ, ಕಿತ್ತಳೆ ಬಣ್ಣವಾದರೆ ಇಂಜಿನ್ ತಂಪಿಡುವ ಕೂಲಂಟ್. ಬರೀ ನೀರಾದರೆ ಏಸಿಯದ್ದು, ನಿಶ್ಚಿಂತೆಯಿಂದ ಮಲಗಿ. ಡಿಪ್‌ಸ್ಟಿಕ್ ವಾರಕ್ಕೊಮ್ಮೆ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇದ್ದರೆ ಯೋಚನೆ ಮಾಡಲು ಸಮಯ ಇದೆ. ಕೆಂಪು ಆಯಿಲ್ ದೀಪ ಹೊತ್ತಿದರೆ ಮಾತ್ರ ಆಗಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. “ಮನೆವರೆಗೂ ಹೋಗಿಬಿಡೋಣ” ಅಂದವರು ಇಂಜಿನ್ನನ್ನೇ ಕಳೆದುಕೊಂಡಿದ್ದಾರೆ. ಸುಟ್ಟ ವಾಸನೆ ಬಂದರೂ ತಡ ಮಾಡಬೇಡಿ, ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಬೀಳುತ್ತಿರಬಹುದು.

ಇನ್ನು ಮಾತಿನ ತೊಡಕು. ನಾವು ಗ್ಯಾರೇಜಿನಲ್ಲಿ ಕಲಿತ ಇಂಗ್ಲಿಷ್ ಅಲ್ಲಿ ನಡೆಯುವುದಿಲ್ಲ. ನಮ್ಮ ಪ್ಯಾಕಿಂಗ್, ಅಂದರೆ ಎರಡು ಭಾಗ ಕೂಡುವ ಕಡೆ ಸೋರದಂತೆ ಹಾಕುವ ಪಟ್ಟಿ, ಅವರಿಗೆ ಗ್ಯಾಸ್ಕೆಟ್. ಟ್ಯಾಪೆಟ್ ಕವರ್ ಅಂದರೆ ವಾಲ್ವ್ ಕವರ್, ಆಯಿಲ್ ಚೇಂಬರ್ ಅಂದರೆ ಆಯಿಲ್ ಪ್ಯಾನ್, ಬಾನೆಟ್ ಅಂದರೆ ಹುಡ್. ನಾನು ಅಮೆರಿಕಕ್ಕೆ ಹೋದ ಹೊಸದರಲ್ಲಿ “ಪ್ಯಾಕಿಂಗ್ ಹೋಗಿದೆ” ಅಂದಾಗ ಕೌಂಟರಿನವನು ನಾನು ಮನೆ ಖಾಲಿ ಮಾಡುತ್ತಿದ್ದೇನೆ ಅಂದುಕೊಂಡಿದ್ದ. ಅವರದ್ದೇ ಇನ್ನೊಂದು ಪದ ಸೀಪೇಜ್. ಅದು ನಮ್ಮ ಜಿನುಗು. ಜಿನುಗುವುದು ಬೇರೆ, ತೊಟ್ಟಿಕ್ಕುವುದು ಬೇರೆ. ಹಳೇ ಗಾಡಿಯಲ್ಲಿ ಬರೀ ಜಿನುಗಿಗೆ ಸಾವಿರಾರು ಡಾಲರ್ ಸುರಿಯಬೇಕಿಲ್ಲ. “ಸೀಪೇಜಾ, ಲೀಕಾ?” ಅಂತ ಕೇಳಿದರೆ ಎದುರಿನವರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಇಲ್ಲಿ ಸಾಮಾನಿಗೆ ದುಡ್ಡು, ಕೈಕೆಲಸ ಅಗ್ಗ. ಅಲ್ಲಿ ತಿರುಗುಮುರುಗು. ಲೇಬರ್ ಗಂಟೆ ಲೆಕ್ಕ, ಬೇ ಏರಿಯಾದಲ್ಲಿ ಗಂಟೆಗೆ 150 ಡಾಲರ್ ದಾಟುವ ಅಂಗಡಿಗಳೇ ಹೆಚ್ಚು. ರಿಯರ್ ಮೇನ್ ಸೀಲ್ ಅನ್ನುವ ರಬ್ಬರ್ ಬಳೆಗೆ ಬೆಲೆ ಏನೂ ಇಲ್ಲ, ಅದನ್ನು ತಲುಪಲು ಗೇರ್ ಬಾಕ್ಸ್ ಇಳಿಸಬೇಕಲ್ಲ, ದುಡ್ಡು ಅದಕ್ಕೆ. ಹಾಗಾಗಿ ತಪ್ಪು ಜಾಗ ಬಿಚ್ಚಿಸಿದರೆ ದುಬಾರಿ. ಡಯಾಗ್ನೋಸಿಸ್‌ಗೆ ಬೇರೆ ದುಡ್ಡು ಕೇಳುತ್ತಾರೆಂದು ನಮ್ಮವರು ಗೊಣಗುತ್ತಾರೆ, “ನೋಡೋಕೂ ದುಡ್ಡಾ?” ಅಂತ. ಕೊಡಿ. ಇಡೀ ಬಿಲ್ಲಿನಲ್ಲಿ ಅರ್ಥವಿರುವ ದುಡ್ಡು ಅದೇ.

ಕೋಲಾರದಲ್ಲಿ ನಂಬಿಕೆ ಮೇಸ್ತ್ರಿಯ ಮುಖದ ಮೇಲೆ ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಬೆನ್ನಿಗಿರುವುದು ಕಾಗದ. ರಿಪೇರಿ ಅಂಗಡಿಗಳೆಲ್ಲ ರಾಜ್ಯದ ಬ್ಯೂರೋ ಆಫ್ ಆಟೊಮೋಟಿವ್ ರಿಪೇರ್‌ನಲ್ಲಿ ನೋಂದಾಯಿಸಿರಬೇಕು, ಅಂಗಡಿಯ ಹೆಸರು ಹಾಕಿ ಬ್ಯೂರೋ ವೆಬ್‌ಸೈಟಿನಲ್ಲಿ ನೋಡಬಹುದು. ಕೆಲಸ ಶುರುವಾಗುವ ಮುನ್ನ ಎಸ್ಟಿಮೇಟ್ ಕೊಡಬೇಕು, ನಿಮ್ಮ ಒಪ್ಪಿಗೆ ಪಡೆಯಬೇಕು. ಮಧ್ಯದಲ್ಲಿ ಹೊಸ ತೊಂದರೆ ಸಿಕ್ಕಿ ಖರ್ಚು ಏರುವುದಾದರೆ ಮತ್ತೆ ಕೇಳಬೇಕು, ಸುಮ್ಮನೆ ಬಿಲ್ಲಿಗೆ ಸೇರಿಸುವಂತಿಲ್ಲ. ಬಿಚ್ಚಿ ನೋಡಲೇಬೇಕು ಎಂದರೆ, ನೀವು ಬೇಡ ಅಂದಾಗ ಮತ್ತೆ ಜೋಡಿಸುವ ಖರ್ಚೂ ಆ ಎಸ್ಟಿಮೇಟಿನಲ್ಲೇ ಇರಬೇಕು. ಆದರೆ ನೀವು ಒಪ್ಪಿದ ಕೆಲಸ ಮುಗಿದ ಮೇಲೆ ದುಡ್ಡು ಕೊಡದಿದ್ದರೆ ಕಾರನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿದೆ. ಟೆಕ್ಸಾಸ್, ನ್ಯೂಜೆರ್ಸಿ ಕಡೆ ಇರುವವರು ಇದನ್ನೇ ಅಲ್ಲಿಗೆ ಅನ್ವಯಿಸಬೇಡಿ, ರಾಜ್ಯಕ್ಕೊಂದು ಕಾನೂನು.

ಇನ್ಶೂರೆನ್ಸ್‌ನವರು ಕೊಡುತ್ತಾರೆಂಬ ಆಸೆ ಬಿಡಿ. ಸವೆದು ಹೋದದ್ದಕ್ಕೆ ಅದು ಬರುವುದಿಲ್ಲ. ವಾರಂಟಿ ಮಾತ್ರ ನೋಡಿ: ಟೊಯೋಟಾ, ಹೋಂಡಾ ಗಾಡಿಗಳ ಪವರ್‌ಟ್ರೇನ್ (ಇಂಜಿನ್, ಗೇರ್ ಬಾಕ್ಸ್) ವಾರಂಟಿ 5 ವರ್ಷ ಅಥವಾ 60,000 ಮೈಲಿ. ಹ್ಯುಂಡೈ, ಕಿಯಾದ್ದು ಮೊದಲ ಮಾಲೀಕನಿಗೆ 10 ವರ್ಷ ಅಥವಾ 1,00,000 ಮೈಲಿ, ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಅಷ್ಟಿಲ್ಲ. ಹೊರಗೆ ಸರ್ವಿಸ್ ಮಾಡಿಸಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ, 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಅಡ್ಡ ಬರುತ್ತದೆ. ಆಯಿಲ್ ಹಾಕಿಸಿದ ರಸೀದಿಗಳನ್ನು ಎಸೆಯಬೇಡಿ ಅಷ್ಟೆ.

ಕೈಯಲ್ಲಿ ದುಡ್ಡಿಲ್ಲದಾಗ ಕೌಂಟರಿನಲ್ಲೇ “ಆರು ತಿಂಗಳು ಬಡ್ಡಿಯಿಲ್ಲ” ಅಂತ ಒಂದು ಕಾರ್ಡ್ ಮುಂದಿಡುತ್ತಾರೆ. ಡಿಫರ್ಡ್ ಇಂಟರೆಸ್ಟ್ ಎಂದು ಸಣ್ಣಕ್ಷರದಲ್ಲಿ ಇದೆಯಾ ನೋಡಿ. ಗಡುವಿನೊಳಗೆ ಹತ್ತು ಡಾಲರ್ ಬಾಕಿ ಉಳಿದರೂ ಮೊದಲ ದಿನದಿಂದ ಬಡ್ಡಿ ಬೀಳುತ್ತದೆ. ನಮ್ಮೂರ ಮೀಟರ್ ಬಡ್ಡಿಯವರಾದರೂ ಮೊದಲೇ ಹೇಳಿ ವಸೂಲಿ ಮಾಡುತ್ತಾರೆ.

ನಮ್ಮ ಹುಡುಗ ಇನ್ನೊಂದು ಅಂಗಡಿಗೆ ಹೋದ. ಡಯಾಗ್ನೋಸಿಸ್‌ಗೆ ಮಾತ್ರ ಸಹಿ, 160 ಡಾಲರ್. ಮೇಸ್ತ್ರಿ ಹೇಳಿದ ಮೂಲೆಯೇ ದೀಪಕ್ಕೆ ಹೊಳೆಯಿತು. ಇಂಜಿನ್ ಒಳಗಿನ ಆವಿ ಹೊರಬಿಡುವ ಪಿಸಿವಿ ವಾಲ್ವನ್ನೂ ನೋಡಲು ಹೇಳು ಅಂದಿದ್ದೆ. ಅದು ಕಟ್ಟಿಕೊಂಡರೆ ಇಂಜಿನ್ ಒಳಗೆ ಒತ್ತಡ ಏರಿ ಹೊಸ ಪ್ಯಾಕಿಂಗೂ ಸೋರುತ್ತದೆ. ಬಿಲ್ಲಿನಲ್ಲಿ ಲೇಬರ್ 1.8 ಗಂಟೆ, 306 ಡಾಲರ್. ಗ್ಯಾಸ್ಕೆಟ್ ಮತ್ತು ವಾಲ್ವ್ ಸೇರಿ 62. ಸೇಲ್ಸ್ ಟ್ಯಾಕ್ಸ್ ಆ 62ಕ್ಕೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ರಿಪೇರಿ ಲೇಬರ್ ಮೇಲೆ ಆ ಟ್ಯಾಕ್ಸ್ ಇಲ್ಲ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆದಿದ್ದಾರಾ ನೋಡಿಕೊಳ್ಳಿ. ಡಯಾಗ್ನೋಸಿಸ್ ಸೇರಿ ಒಟ್ಟು 530ರ ಆಸುಪಾಸು. ಪಾರ್ಕಿಂಗ್ ಜಾಗದ ಕಲೆ ಬಗ್ಗೆ ಅಪಾರ್ಟ್‌ಮೆಂಟ್ ಆಫೀಸಿನಿಂದ ನೋಟಿಸ್ ಬಂದಿತ್ತು, ಅದಕ್ಕೆ ಸಾಕಿದ ಬೆಕ್ಕಿನ ಮಲಕ್ಕೆ ಹಾಸುವ ಮಣ್ಣು (ಕ್ಯಾಟ್ ಲಿಟರ್) ಒಂದು ಚೀಲ ಸುರಿದು ರಾತ್ರಿಯಿಡೀ ಬಿಟ್ಟ. ಇಲ್ಲಾದರೆ ಮರದ ಹೊಟ್ಟು ಹಾಕುತ್ತಿದ್ದೆವು. ನೀರು ಬಿಟ್ಟು ಚರಂಡಿಗೆ ತಳ್ಳಬೇಡಿ, ಅದು ಅಪರಾಧ.

ಎಸ್ಟಿಮೇಟಿಗೆ ಸಹಿ ಹಾಕುವಾಗಲೇ ಅವನು ಹಳೇ ಸಾಮಾನು ವಾಪಸ್ ಬೇಕು ಅಂತ ಬರೆಸಿದ್ದ. ಆಗಲೇ ಕೇಳಿದರೆ ಕೊಡಬೇಕು, ಆಮೇಲೆ ಕೇಳಿದರೆ ಕಸದ ತೊಟ್ಟಿಗೆ ಹೋಗಿರುತ್ತದೆ. ಮರುದಿನ ಹಳೇ ಪ್ಯಾಕಿಂಗಿನ ಫೋಟೋ ಬಂತು. ಗ್ಯಾರೇಜಿನಲ್ಲಿ ಮೇಸ್ತ್ರಿ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದರು. ಬಗ್ಗಬೇಕಾದ ರಬ್ಬರ್ ಬಳಪದ ಹಾಗೆ ಗಟ್ಟಿಯಾಗಿ ಎರಡು ತುಂಡಾಗಿತ್ತು. “ಇದೇ” ಅಂದು ಮತ್ತೆ ಜೀಪಿನ ಕೆಳಗೆ ಹೋದರು.