ಡ್ರಮ್ ಮಾಡ್ಯೂಲ್ ಕೊಳ್ಳುವಾಗ ಮೊದಲು ಹಿಂಬದಿ ನೋಡಿ

ಆರ್ಕೆಸ್ಟ್ರಾ ಹುಡುಗರಿಗೆ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಜೋಡಿಸಿಕೊಡುವಾಗ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ನೂರಾರು ಶಬ್ದ ಕೇಳಿ, ಖುಷಿಯಾಗಿ ಮಾಡ್ಯೂಲ್, ಅಂದರೆ ಪ್ಯಾಡ್‌ಗೆ ಬಿದ್ದ ಏಟನ್ನು ಶಬ್ದವಾಗಿಸುವ ಪೆಟ್ಟಿಗೆ, ತಂದುಬಿಡುತ್ತಾರೆ. ಮನೆಗೆ ಬಂದು ತಮ್ಮ ಪ್ಯಾಡ್‌ಗಳನ್ನು (ಕೋಲಿನಿಂದ ಬಾರಿಸುವ ತಟ್ಟೆಗಳನ್ನು) ಜೋಡಿಸಿದರೆ ಸ್ನೇರ್ ಎಂಬ ಮುಖ್ಯ ಡ್ರಮ್ಮಿನ ರಿಮ್ (ಸುತ್ತಲಿನ ಅಂಚು) ಮಾತಾಡುವುದಿಲ್ಲ, ಕಾಲಿನ ಪೆಡಲ್‌ನಿಂದ ತೆರೆದು ಮುಚ್ಚುವ ಹೈ-ಹ್ಯಾಟ್ ಪೂರ್ತಿ ಮುಚ್ಚುವುದಿಲ್ಲ. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಅದು. ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ ಸುಲಭ. ನಿಮ್ಮ ಪ್ರತಿ ಪ್ಯಾಡನ್ನೂ ತಿರುಗಿಸಿ, ಅಡಿಯಲ್ಲಿರುವ ಮಾಡೆಲ್ ಹೆಸರು ಬರೆದುಕೊಳ್ಳಿ. ಎಷ್ಟು ವೈರ್ ಬೇಕು, ಎಷ್ಟು ಜಾಗದಲ್ಲಿ ಬೇರೆ ಬೇರೆ ಶಬ್ದ ಬರುತ್ತದೆ ಎಂದೂ ಪಕ್ಕದಲ್ಲಿ ಬರೆಯಿರಿ.

ಎರಡನೆಯದು ಪ್ಯಾಡ್‌ಗೂ ಮಾಡ್ಯೂಲ್‌ಗೂ ಹೊಂದಿಸುವುದು. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಪ್ಯಾಡ್ ಒಳಗೆ ಪೀಜೋ ಎಂಬ ತೆಳು ಬಿಲ್ಲೆ ಇರುತ್ತದೆ. ಏಟು ಬಿದ್ದಾಗ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೆಶ್ (ಬಲೆಯಂಥ ಹೊದಿಕೆಯ) ಸ್ನೇರ್‌ಗಳಲ್ಲಿ ಸಾಮಾನ್ಯವಾಗಿ ಎರಡು ಪೀಜೋ: ನಡುವಿಗೊಂದು, ರಿಮ್‌ಗೊಂದು. ಸಿಂಬಲ್‌ಗಳಲ್ಲಿ, ಅಂದರೆ ತಾಳದಂಥ ತಟ್ಟೆಗಳಲ್ಲಿ, ಹಾಗಲ್ಲ. ಮೇಲ್ಮೈಗೆ ಪೀಜೋ, ಅಂಚಿಗೆ ಒತ್ತಿದರೆ ಕೂಡುವ ಸ್ವಿಚ್. ಸಿಂಬಲ್ ಅಂಚನ್ನು ಕೈಯಲ್ಲಿ ಹಿಡಿದು ಸದ್ದು ನಿಲ್ಲಿಸುತ್ತೇವೆ ಅಲ್ವಾ, ಅದೂ ಆ ಸ್ವಿಚ್‌ನ ಕೆಲಸವೇ. ಹೊರಗಿನಿಂದ ಎರಡಕ್ಕೂ ಒಂದೇ ಥರದ ಜಾಕ್. ಆದರೆ ಮಾಡ್ಯೂಲ್‌ನಲ್ಲಿ ಸ್ವಿಚ್ ನಿರೀಕ್ಷಿಸುವ ತೂತಿಗೆ ಎರಡು ಪೀಜೋ ಪ್ಯಾಡ್ ಹಾಕಿದರೆ ನಡು ಸದ್ದು ಮಾಡುತ್ತದೆ, ರಿಮ್ ಸತ್ತಿರುತ್ತದೆ. ಹಳೆಯ ಮತ್ತು ಅಗ್ಗದ ಹಲವು ಮಾಡ್ಯೂಲ್‌ಗಳಲ್ಲಿ ರಿಮ್‌ನ ಪೀಜೋ ಸ್ನೇರ್ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಕೊಳ್ಳುವ ಮೊದಲು ಮ್ಯಾನುಯಲ್ ಇಳಿಸಿಕೊಂಡು ಯಾವ ತೂತು ಯಾವ ಪ್ಯಾಡ್ ಒಪ್ಪುತ್ತದೆ ಎಂಬ ಪಟ್ಟಿ ಓದಿ.

ಈ ನಡುವೆ ವೈರ್ ಕೂಡ ನೋಡಿಬಿಡಿ. ಜಾಕ್ ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಸ್ಟೀರಿಯೋ, ಒಂದೇ ಇದ್ದರೆ ಮೋನೋ. ಎರಡು ಜಾಗದಲ್ಲಿ ಸದ್ದು ಬರುವ ಪ್ಯಾಡ್‌ಗೆ ಸ್ಟೀರಿಯೋ ಬೇಕು. ಗಿಟಾರ್‌ನ ಮೋನೋ ವೈರ್ ಹಾಕಿ, ಮಾಡ್ಯೂಲ್ ಹಾಳಾಗಿದೆ ಎಂದು ರಿಪೇರಿಗೆ ಒಯ್ದವರಿದ್ದಾರೆ.

ರೈಡ್ ಸಿಂಬಲ್ ಇನ್ನೂ ತೊಡಕು. ರೋಲ್ಯಾಂಡ್‌ ಕಂಪನಿಯ ಸಿವೈ-13ಆರ್ ತನ್ನ ಮೂರು ಜಾಗಗಳಿಗೆ (ಮೇಲ್ಮೈ, ಅಂಚು, ನಡುವಿನ ಉಬ್ಬಾದ ಬೆಲ್) ಎರಡು ವೈರ್ ಬಳಸುತ್ತದೆ. ಯಮಹಾದ ಪಿಸಿವೈ135 ಅದೇ ಕೆಲಸವನ್ನು ಒಂದೇ ವೈರ್‌ನಲ್ಲಿ ಮಾಡುತ್ತದೆ. ಹಾಗಾಗಿ ಯಮಹಾ ರೈಡನ್ನು ರೋಲ್ಯಾಂಡ್ ಮಾಡ್ಯೂಲ್‌ಗೆ ಹಾಕಿ ಬೆಲ್ ಶಬ್ದಕ್ಕೆ ಕಾಯಬೇಡಿ. ಹೈ-ಹ್ಯಾಟ್ ಪೆಡಲ್ ವಿಷಯದಲ್ಲಂತೂ ನನ್ನದು ಒಂದೇ ಮಾತು: ಮಾಡ್ಯೂಲ್ ಯಾವ ಕಂಪನಿಯದೋ ಪೆಡಲ್ ಅದೇ ಕಂಪನಿಯದು. ಬೇರೆಯದು ಹಾಕಿದರೆ ಅರ್ಧ ತೆರೆದ ಶಬ್ದವೇ ಸಿಗದೆ ಹೋಗಬಹುದು. ಹಾಡಿಗೆ ಜೀವ ಬರುವುದೇ ಆ ಅರ್ಧದಲ್ಲಿ.

ಕೆಲವು ಮಾಡ್ಯೂಲ್‌ಗಳಲ್ಲಿ ಬೇರೆ ಬೇರೆ ತೂತುಗಳ ಬದಲು 25 ಪಿನ್‌ಗಳ ಒಂದೇ ಅಗಲ ಕನೆಕ್ಟರ್ ಇರುತ್ತದೆ. ನೋಡಲು ಒಂದೇ ಥರ ಇದೆ ಎಂದು ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಚುಚ್ಚಬೇಡಿ. ಮುಂದೆ ಪ್ಯಾಡ್ ಸೇರಿಸುವ ಆಸೆ ಇದ್ದರೆ ಹೆಚ್ಚುವರಿ ಜಾಕ್ ಎಷ್ಟಿದೆ ಎಣಿಸಿ. ರೋಲ್ಯಾಂಡ್‌ನ ಟಿಡಿ-17 ಮಾಡ್ಯೂಲ್‌ನಲ್ಲಿ ಎರಡು ಇವೆ. ಒಂದು ತೂತಿಗೆ ಎರಡು ಪ್ಯಾಡ್ ಹಾಕುವ ವೈ-ಕೇಬಲ್ ಉಪಾಯ ಕೆಲವೆಡೆ ನಡೆಯುತ್ತದೆ. ಆದರೆ ಎರಡರ ರಿಮ್ಮೂ ಹೋಗುತ್ತದೆ. ನಾನು ಅದನ್ನು ಟಾಮ್‌ಗಳಿಗೆ (ಕಿಟ್‌ನ ಉಳಿದ ಸಣ್ಣ-ದೊಡ್ಡ ಡ್ರಮ್‌ಗಳಿಗೆ) ಬಿಟ್ಟು ಬೇರೆಲ್ಲೂ ಮಾಡುವುದಿಲ್ಲ.

ಮೂರನೆಯದಾಗಿ ನಿಮ್ಮದೇ ಸ್ನೇರ್, ಪೆಡಲ್ ಹೊತ್ತುಕೊಂಡು ಹೋಗಿ ನುಡಿಸಿ. ಬೆರಳ ತುದಿಯಷ್ಟು ಮೆಲ್ಲಗೆ ರೋಲ್ ಮಾಡಿ. ಕೆಲವು ಏಟು ನುಂಗಿಹೋದರೆ ಸೆನ್ಸಿಟಿವಿಟಿ (ಏಟಿಗೆ ಎಷ್ಟು ಚುರುಕು), ಥ್ರೆಶೋಲ್ಡ್ (ಎಷ್ಟು ಮೆಲ್ಲಗಿನ ಏಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು) ಎಂಬ ಸೆಟ್ಟಿಂಗ್ ಬದಲಿಸಿ ಮತ್ತೆ ಬಾರಿಸಿ. ಆಗಲೂ ನುಂಗಿದರೆ ಬಿಟ್ಟುಬಿಡಿ. ಟಾಮ್ ಜೋರಾಗಿ ಹೊಡೆದಾಗ ಪಕ್ಕದ ಸಿಂಬಲ್ ತಾನಾಗಿ ಬಾರಿಸುತ್ತಿದ್ದರೆ ಅದು ಕ್ರಾಸ್‌ಟಾಕ್. ಇದನ್ನು ಪ್ಯಾಡ್‌ಗೊಂದರಂತೆ ಸರಿಪಡಿಸುವ ಮೆನು ಇಲ್ಲದ ಮಾಡ್ಯೂಲನ್ನು ಸುಮ್ನೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಶಬ್ದದ ವಿಚಾರ ಕೊನೆಗೆ. ಯುಎಸ್‌ಬಿ ಮಿಡಿ (ಏಟಿನ ಸಂಕೇತವನ್ನು ಕಂಪ್ಯೂಟರ್‌ಗೆ ಕಳಿಸುವ ವ್ಯವಸ್ಥೆ) ಇದ್ದರೆ ಕಂಪ್ಯೂಟರ್‌ನ ಶಬ್ದಗಳನ್ನೂ ಬಾರಿಸಬಹುದು. ಟಿಡಿ-17ರಲ್ಲಿ ಎಸ್‌ಡಿ ಕಾರ್ಡ್‌ನಿಂದ ನಿಮ್ಮದೇ ತಮಟೆ, ಡೊಳ್ಳಿನ ಸದ್ದು ತುಂಬಬಹುದು. ಹಬ್ಬದ ಕಾರ್ಯಕ್ರಮಗಳಿಗೆ ಅದು ಜಾಸ್ತಿ ಉಪಯೋಗ. ಮಾಡ್ಯೂಲ್ ಹಿಂಬದಿಯ ತೂತು ಮಾತ್ರ ಆಮೇಲೆ ಬದಲಾಗುವುದಿಲ್ಲ. ಅದಕ್ಕೇ ಹೊಸ ಅಗ್ಗದ್ದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸೆಕೆಂಡ್ ಹ್ಯಾಂಡ್ ವಾಸಿ ಎನ್ನುತ್ತೇನೆ.

ಸೆಕೆಂಡ್ ಹ್ಯಾಂಡ್ ಆದರೆ ಅಡಾಪ್ಟರ್ ಕೇಳಿ ಪಡೆಯಿರಿ. ಟಿಡಿ-17ರದ್ದು 9 ವೋಲ್ಟ್, ಪಿನ್ನಿನ ನಡು ಮೈನಸ್. ಮಾರುಕಟ್ಟೆಯಲ್ಲಿ ಸಿಗುವ ಬಹಳಷ್ಟು ಅಡಾಪ್ಟರ್‌ಗಳಲ್ಲಿ ನಡು ಪ್ಲಸ್. ಪಿನ್ ಕೂರುತ್ತದೆ ಎಂದು ಚುಚ್ಚುವ ಮೊದಲು ಮಾಡ್ಯೂಲ್ ಹಿಂದೆ ಅಚ್ಚಾಗಿರುವ ಗುರುತನ್ನೂ ಅಡಾಪ್ಟರ್ ಮೇಲಿನ ಗುರುತನ್ನೂ ಪಕ್ಕಪಕ್ಕ ಹಿಡಿದು ನೋಡಿ.